‘ದಯಾಮರಣ ಕೊಡಿ’ ಅಂತ ಅರ್ಜಿ ಬರೆದವನು ನಾನು, ಸ್ವಲ್ಪ ಕೇಳಿ

ಮರದಿಂದ_ಬಿದ್ದವನು

ಜಿಲ್ಲಾ ಪುಟ ಓದುವವರಿಗೆ ಈ ಸುದ್ದಿ ಹೊಸದಲ್ಲ. ‘ದಯಾಮರಣ ಕೋರಿ ರಾಷ್ಟ್ರಪತಿಗೆ ಪತ್ರ’. ಫೋಟೊದಲ್ಲಿ ಹಾಸಿಗೆ ಹಿಡಿದ ಒಬ್ಬರು, ತಲೆಯ ಬಳಿ ಅಮ್ಮನೋ ಹೆಂಡತಿಯೋ ಕೂತಿರುತ್ತಾರೆ. ಅದನ್ನು ಯಾರಾದರೂ ಫೇಸ್‌ಬುಕ್ಕಿಗೆ ಹಾಕಿದರೆ ಕೆಳಗೆ ಜನ ‘ಅಯ್ಯೋ ಪಾಪ, ಕೊಟ್ಟುಬಿಡಲಿ, ಹೀಗೆ ನರಳೋದಕ್ಕಿಂತ ಅದೇ ವಾಸಿ’ ಅಂತ ಬರೆಯುತ್ತಾರೆ. ಕೆಟ್ಟ ಮನಸ್ಸಿನವರೇನಲ್ಲ. ಆದರೆ ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ, ಯಾಕೆಂದರೆ ಅಂಥ ಅರ್ಜಿ ನಾನೂ ಬರೆದಿದ್ದೆ.

2012ರಲ್ಲಿ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು, ಹನ್ನೆರಡನೇ ದಿನ ಮನೆಗೆ ಕಳಿಸಿದರು. ಕಳಿಸುವಾಗ ಹೇಳಿದ್ದು ಒಂದೇ ಮಾತು, ‘ಇನ್ನು ಮಾಡೋದೇನಿಲ್ಲ, ಚೆನ್ನಾಗಿ ನೋಡಿಕೊಳ್ಳಿ’. ಚೆನ್ನಾಗಿ ಅಂದರೆ ಹೇಗೆ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಯಾರೂ ಹೇಳಲಿಲ್ಲ. ಸ್ಪರ್ಶ ಇಲ್ಲದ ಜಾಗದಲ್ಲಿ ಹುಣ್ಣಾದರೆ ನೋವು ಗೊತ್ತಾಗುವುದಿಲ್ಲ, ವಾಸನೆ ಬಂದಾಗಲೇ ಗೊತ್ತಾಗುತ್ತದೆ ಅಂತಲೂ ಹೇಳಲಿಲ್ಲ. ಒಂದೇ ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ) ತಿಂಗಳುಗಟ್ಟಲೆ ಹಾಗೇ ಇತ್ತು. ಚಳಿಜ್ವರ, ಆ್ಯಂಟಿಬಯಾಟಿಕ್, ಮತ್ತೆ ಚಳಿಜ್ವರ. ಬೆನ್ನ ಕೆಳಗಿನ ಹುಣ್ಣು ಮೂಳೆ ಕಾಣುವಷ್ಟು ಆಳ ಆಯಿತು. ಅಪ್ಪ ಅರ್ಧ ಎಕರೆ ಮಾರಿದರು.

2014ರಲ್ಲಿ ಕಚೇರಿ ಎದುರಿನ ಟೈಪಿಸ್ಟ್ ಹತ್ತಿರ ತಮ್ಮನನ್ನು ಕಳಿಸಿ ಅರ್ಜಿ ಬರೆಸಿದೆ. ದಯಾಮರಣ ಕೊಡಿ, ಇಲ್ಲದಿದ್ದರೆ ಚಿಕಿತ್ಸೆ ಕೊಡಿಸಿ ಅಂತ. ಆ ಎರಡನೇ ಭಾಗ ಯಾರ ಕಣ್ಣಿಗೂ ಬೀಳಲಿಲ್ಲ. ಎರಡು ತಿಂಗಳಿಗೆ ಹಿಂಬರಹ ಬಂತು: ಕಾನೂನಿನಲ್ಲಿ ಅವಕಾಶ ಇಲ್ಲ, ಅರ್ಜಿ ಮುಕ್ತಾಯಗೊಳಿಸಲಾಗಿದೆ. ಅಷ್ಟೇ.

ಆಮೇಲೆ ಪಿಂಚಣಿ ಕಾಗದಕ್ಕೆ ಸಹಿ ಮಾಡಿಸಲು ಪಂಚಾಯಿತಿಯ ವಿಆರ್‌ಡಬ್ಲ್ಯು ಮನೆಗೆ ಬಂದರು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರೂ ಪೋಲಿಯೊ ಆದವರೇ). ನನ್ನ ಬೆನ್ನು ನೋಡಿ ಬೈದರು. ನನಗಲ್ಲ, ಸುಮ್ಮನೆ ಗಾಳಿಗೆ ಬೈದರು. ಬೆಂಗಳೂರಿನ ಒಂದು ಪುನರ್ವಸತಿ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೂರೂವರೆ ತಿಂಗಳಿದ್ದೆ. ನಾನೇ ದಿನಕ್ಕೆ ನಾಲ್ಕೈದು ಸಲ ಕ್ಯಾತಿಟರ್ ಹಾಕಿ ತೆಗೆಯುವುದು ಕಲಿತೆ, ಕೈ ಊರಿ ಮೈ ಎತ್ತಿ ಹುಣ್ಣು ಆಗದಂತೆ ಕೂರುವುದು ಕಲಿತೆ, ಹಾಸಿಗೆಯಿಂದ ಕುರ್ಚಿಗೆ ಜಾರುವುದು ಕಲಿತೆ. ಕಾಲು ಬರಲಿಲ್ಲ. ಹುಣ್ಣು ಹೋಯಿತು. ಈಗ ಊರಲ್ಲಿ ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ.

ಈಗ ಹೇಳಿ. 2014ರಲ್ಲಿ ಕಾನೂನಿನಲ್ಲಿ ಅವಕಾಶ ಇದ್ದಿದ್ದರೆ? ನನಗೆ ಬುದ್ಧಿ ಸ್ಥಿಮಿತದಲ್ಲಿತ್ತು, ನೋವು ತಾಳಲಾರದ್ದು, ಕಾಯಿಲೆ ವಾಸಿಯಾಗುವುದಿಲ್ಲ. ಎಲ್ಲ ಕಾಲಮ್ಮಿಗೂ ಟಿಕ್ ಬೀಳುತ್ತಿತ್ತು.

ನೇರಮಾತು

ನಿಮ್ಮ ಕಥೆ ಓದಿ ಸಂತೋಷ ಆಯಿತು ಸರ್. ಆದರೆ ಒಬ್ಬರಿಗೆ ಒಳ್ಳೆಯದಾಯಿತು ಅಂತ ಎಲ್ಲರಿಗೂ ಆಗುತ್ತದೆಯಾ? ನನ್ನ ಜೀವ ನನ್ನದು, ಸಾವು ಕೂಡ ನನ್ನದೇ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಇದೆ, ಕೆನಡಾದಲ್ಲಿದೆ. ಅವರೆಲ್ಲ ದಡ್ಡರಾ? ಯಾರ ಮೇಲೂ ಬಲವಂತ ಇಲ್ಲ, ಬೇಡದವರು ಸುಮ್ನೆ ಇರಬಹುದು. ನಮ್ಮ ದೇಶದಲ್ಲಿ ಅಷ್ಟು ದೊಡ್ಡ ಆಸ್ಪತ್ರೆ ವ್ಯವಸ್ಥೆ ಬರೋದು ಯಾವ ಕಾಲಕ್ಕೆ? ಅಲ್ಲಿವರೆಗೆ ನರಳುತ್ತಾ ಇರಿ ಅಂತ ಹೇಳುವುದು ಯಾವ ನ್ಯಾಯ?

ಮರದಿಂದ_ಬಿದ್ದವನು

ನರಳುತ್ತಾ ಇರಿ ಅಂತ ನಾನು ಹೇಳಿಲ್ಲ. ನೀವು ಹೇಳುತ್ತಿರುವುದು ನೋಡಿ: ವ್ಯವಸ್ಥೆ ಬರೋದು ಕಷ್ಟ, ಹಾಗಾಗಿ ಸಾಯೋ ವ್ಯವಸ್ಥೆ ಮೊದಲು ಮಾಡೋಣ. ಕಾಲು ಸರಿ ಇರುವ 30ರ ಹುಡುಗ ಸಾಯುತ್ತೇನೆ ಅಂದರೆ ಎಲ್ಲರೂ ಓಡಿ ಹೋಗಿ ಕೈ ಹಿಡಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಅಂತ ತಿಳಿಯಬೇಕು, ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕೆಲಸ. ಅದೇ ಮಾತು ಗಾಲಿಕುರ್ಚಿಯವನು ಆಡಿದರೆ ‘ಹೌದಪ್ಪ, ನಿಂದೂ ಸರಿ’ ಅಂತೀರಿ. ನನ್ನ ತಕರಾರು ಇದಿಷ್ಟೇ.

ನಿರ್ವಾಹಕ

ಚರ್ಚೆ ಚೆನ್ನಾಗಿದೆ, ಹೀಗೇ ಮರ್ಯಾದೆಯಿಂದ ಹೋಗಲಿ. ಓದುತ್ತಿರುವವರಲ್ಲಿ ಯಾರಿಗಾದರೂ ಈಗಲೇ ಬದುಕು ಬೇಡ ಅನಿಸುತ್ತಿದ್ದರೆ ದಯವಿಟ್ಟು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲಿ ಬರೆದರೂ ಸರಿ, ನಾವಿದ್ದೇವೆ.

ನಿವೃತ್ತ_ಕ್ಯಾಷಿಯರ್

ಇಲ್ಲಿ ಒಂದು ಗೊಂದಲ ಇದೆ. 2025ರ ಜನವರಿ ಕೊನೆಯಲ್ಲಿ ನಮ್ಮ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತಲ್ಲ, ‘ಘನತೆಯಿಂದ ಸಾಯುವ ಹಕ್ಕು’ ಅಂತ. ಅವತ್ತು ಕೆಲವು ಟಿವಿಯವರು ‘ಕರ್ನಾಟಕದಲ್ಲಿ ದಯಾಮರಣಕ್ಕೆ ಅಸ್ತು’ ಅಂತ ಓಡಿಸಿದರು. ಅದು ಹಾಗಲ್ಲ. ಜೀವರಕ್ಷಕ ಯಂತ್ರದ ಮೇಲೆ ಇರುವ, ಚಿಕಿತ್ಸೆಗೆ ಸ್ಪಂದಿಸದ ರೋಗಿಗೆ ಮಾತ್ರ ಅಂತ ಸಚಿವ ದಿನೇಶ್ ಗುಂಡೂರಾವ್ ಅವರೇ ಹೇಳಿದ್ದರು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಅನ್ನುವ ಸಂಸ್ಥೆ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, 2023ರ ಜನವರಿಯಲ್ಲಿ ಅದನ್ನು ಸ್ವಲ್ಪ ಸುಲಭ ಮಾಡಿದರು, ಅದನ್ನೇ ಜಾರಿಗೆ ತಂದದ್ದು. ಎರಡು ವೈದ್ಯಕೀಯ ಮಂಡಳಿ ನೋಡಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಯಂತ್ರ ತೆಗೆದು ಸಹಜ ಸಾವಿಗೆ ಬಿಡುವುದು ಬೇರೆ, ಸಾಯುವುದಕ್ಕೆ ಅಂತಲೇ ಔಷಧಿ ಕೊಡುವುದು ಬೇರೆ. ಎರಡನೆಯದು ಇವತ್ತಿಗೂ ಅಪರಾಧ.

ನಾನು ಲಿವಿಂಗ್ ವಿಲ್ ಮಾಡಿಸಿದ್ದೇನೆ, ಅಂದರೆ ನನಗೆ ಹೇಳಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ. ಇಬ್ಬರು ಸಾಕ್ಷಿ, ನೋಟರಿ ಮುಂದೆ ಸಹಿ. ವಯಸ್ಸು 71. ಐಸಿಯುನಲ್ಲಿ ಸುಮ್ಮನೆ ಬಿಲ್ ಏರಿಸಿಕೊಂಡು ಮಲಗಲು ಇಷ್ಟ ಇಲ್ಲ. ಇದಕ್ಕೂ ನಿಮ್ಮ ವಿರೋಧ ಇದೆಯಾ?

ಮರದಿಂದ_ಬಿದ್ದವನು

ಇಲ್ಲ ಸರ್. ಆ ವ್ಯತ್ಯಾಸ ನೀವು ಹೇಳಿದ್ದು ಒಳ್ಳೆಯದಾಯಿತು. ನನ್ನ ವಿರೋಧ ಸಾಯಲು ನೆರವು ಕೊಡುವ ಕಾನೂನಿಗೆ.

ಬೈಪ್ಯಾಪ್_ರಾಯರು

ಈ ಗೆರೆ ನೋಡಲು ನೇರವಾಗಿದೆ, ನಮ್ಮಂಥವರ ಹಾಸಿಗೆ ಹತ್ತಿರ ಬಂದಾಗ ಸ್ವಲ್ಪ ಸೊಟ್ಟ ಆಗುತ್ತದೆ. ನನಗೆ ಮೋಟಾರ್ ನ್ಯೂರಾನ್ ಕಾಯಿಲೆ, ನರ ಸೋತು ಮೈಯ ಸ್ನಾಯು ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಕೈ ಬಿದ್ದಿದೆ, ಕಣ್ಣಿನಿಂದ ಟೈಪ್ ಮಾಡುವ ಸಾಧನದಲ್ಲಿ ಬರೆಯುತ್ತಿದ್ದೇನೆ, ನಿಧಾನ. ರಾತ್ರಿ ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತುವ) ಮೆಷಿನ್ನಿನ ಮೇಲೆ ಉಸಿರಾಟ. ಹೋದ ವರ್ಷ ನ್ಯುಮೋನಿಯಾ ಆಗಿ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಸೇರಿದಾಗ ಎಳೆಯ ಡಾಕ್ಟರ್ ಒಬ್ಬರು ನನ್ನ ಹೆಂಡತಿಯನ್ನು ಬಾಗಿಲ ಆಚೆ ಕರೆದು ‘ಇವರ ಕ್ವಾಲಿಟಿ ಆಫ್ ಲೈಫ್ ಹೇಗೂ ಇಲ್ಲ, ಮುಂದಕ್ಕೆ ಹೋಗೋದು ಬೇಡ ಅಲ್ವಾ?’ ಅಂದರು. ನನಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವರು ನನ್ನನ್ನು ಕೇಳಲಿಲ್ಲ. ಹೆಂಡತಿ ಒಳಗೆ ಬಂದು ‘ಇವರನ್ನೇ ಕೇಳಿ, ಇವರು ಮನೆಯಲ್ಲಿ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡ್ತಾರೆ’ ಅಂದಳು. ಒಂಬತ್ತು ದಿನಕ್ಕೆ ಮನೆಗೆ ಬಂದೆ.

ನಾನೂ ವಿಲ್ ಮಾಡಿಸಿದ್ದೇನೆ. ಗಂಟಲಿಗೆ ತೂತು ಮಾಡಿ ಶಾಶ್ವತ ವೆಂಟಿಲೇಟರ್ ಬೇಡ ಅಂತ. ಅದು ನಾನು ಯೋಚಿಸಿ ಬರೆದದ್ದು. ಆದರೆ ವಿಲ್ ಇದೆ ಅಂದ ಕೂಡಲೇ ನ್ಯುಮೋನಿಯಾದ ಇಂಜೆಕ್ಷನ್ನೂ ಬೇಡ ಅಂತ ಯಾರಾದರೂ ಓದಿಬಿಟ್ಟರೆ ಅನ್ನೋ ಹೆದರಿಕೆ ಇದೆ. ನನ್ನ ಈಗಿನ ದೊಡ್ಡ ಚಿಂತೆ ಸಾವಲ್ಲ, ಕರೆಂಟು. ಮಳೆಗಾಲದಲ್ಲಿ ನಮ್ಮ ಏರಿಯಾದಲ್ಲಿ ರಾತ್ರಿ ಹೋದರೆ ಬೆಳಿಗ್ಗೆ ಬರುತ್ತದೆ. ಎರಡು ಇನ್ವರ್ಟರ್ ಇಟ್ಟಿದ್ದೇವೆ.

ಟೊರಾಂಟೊ_ರಾತ್ರಿಪಾಳಿ

ಕೆನಡಾ ಮಾತು ಬಂತು, ಹಾಗಾಗಿ ಬರೆಯುತ್ತೇನೆ. ನಾನು ಹಾಸನದವಳು, ಇಲ್ಲಿ ವೃದ್ಧರ, ಅಂಗವಿಕಲರ ಮನೆಗಳಿಗೆ ಹೋಗಿ ಸ್ನಾನ, ಊಟ ಮಾಡಿಸುವ ಕೆಲಸ. ಇಲ್ಲಿ ಈ ಕಾನೂನಿಗೆ ‘ಮೇಡ್’ ಅಂತಾರೆ, ಅಂದರೆ ಸಾಯಲು ವೈದ್ಯಕೀಯ ನೆರವು. 2016ರಲ್ಲಿ ಬಂದಾಗ ಸಾವು ಹತ್ತಿರ ಇರುವವರಿಗೆ ಮಾತ್ರ ಅಂತಿತ್ತು. ಕ್ಯೂಬೆಕ್‌ನ ಕೋರ್ಟು 2019ರಲ್ಲಿ ಆ ಷರತ್ತು ತಪ್ಪು ಅಂದಿತು. 2021ರ ಮಾರ್ಚ್‌ನಲ್ಲಿ ಕಾನೂನು ಬದಲಾಯಿತು. ಈಗ ಸಾಯುವ ಸ್ಥಿತಿಯಲ್ಲಿ ಇಲ್ಲದವರೂ, ಗುಣವಾಗದ ಕಾಯಿಲೆ ಅಥವಾ ಅಂಗವೈಕಲ್ಯ ಇದ್ದರೆ ಕೇಳಬಹುದು. ಅದಕ್ಕೆ ‘ಟ್ರ್ಯಾಕ್ 2’ ಅನ್ನುತ್ತಾರೆ. ಪರಿಶೀಲನೆಗೆ ಕನಿಷ್ಠ 90 ದಿನ ಕಾಯಬೇಕು ಅಂತ ನಿಯಮ.

2023ರಲ್ಲಿ ಇಲ್ಲಿ 15,343 ಜನ ಮೇಡ್‌ನಿಂದ ಸತ್ತರು. ಆ ವರ್ಷದ ಒಟ್ಟು ಸಾವಿನಲ್ಲಿ ಶೇ 4.7. ಟ್ರ್ಯಾಕ್ 2ರಲ್ಲಿ 622 ಜನ. ಕಡಿಮೆ ಅಲ್ವಾ ಅಂತೀರಿ. ಆದರೆ ನೋಡಿ, 90 ದಿನದಲ್ಲಿ ಸಾಯಲು ಒಪ್ಪಿಗೆ ಸಿಗಬಹುದು. ಒಳ್ಳೆಯ ನೋವಿನ ಕ್ಲಿನಿಕ್ಕಿಗೆ, ಗಾಲಿಕುರ್ಚಿ ಹೋಗುವಂಥ ಬಾಡಿಗೆ ಮನೆಗೆ ಅದಕ್ಕಿಂತ ಜಾಸ್ತಿ ಕಾಯುವವರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ. 2025ರ ಜುಲೈನಿಂದ ಕೇಂದ್ರ ಸರ್ಕಾರ ಅಂಗವಿಕಲರಿಗೆ ಹೊಸ ಭತ್ಯೆ ಶುರು ಮಾಡಿತು, ಜಾಸ್ತಿ ಅಂದರೆ ತಿಂಗಳಿಗೆ 200 ಡಾಲರ್. ಈ ಊರಲ್ಲಿ 200 ಡಾಲರಿಗೆ ಏನು ಬರುತ್ತದೆ ಅಂತ ಇಲ್ಲಿರುವ ಕನ್ನಡದವರನ್ನೇ ಕೇಳಿ.

ಕ್ರಿಸ್ಟೀನ್ ಗೋತಿಯೇ ಅಂತ ಒಬ್ಬರು, ಮಾಜಿ ಸೈನಿಕರು, ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಿದವರು. ಮನೆಗೆ ಗಾಲಿಕುರ್ಚಿ ಏರಿಸುವ ಲಿಫ್ಟ್ ಹಾಕಿಸಿಕೊಡಿ ಅಂತ ಐದು ವರ್ಷ ಅಲೆದರು. ಇಲಾಖೆಯವರೊಬ್ಬರು ಮೇಡ್ ಬೇಕಾದರೆ ಕೊಡಬಹುದು ಅಂದರಂತೆ. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಸಮಿತಿ ಮುಂದೆ ಅವರೇ ಇದನ್ನು ಹೇಳಿದರು. ನೇರಮಾತು ಅವರೇ, ಬಲವಂತ ಇಲ್ಲ ಅಂದಿರಲ್ಲ. ಲಿಫ್ಟ್ ಕೇಳಿದವರಿಗೆ ಇದನ್ನು ತೋರಿಸುವುದಕ್ಕೆ ಏನನ್ನಬೇಕು?

2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಟ್ರ್ಯಾಕ್ 2 ರದ್ದು ಮಾಡಿ ಅಂತ ಕೆನಡಾಕ್ಕೆ ಹೇಳಿದೆ. ಇಲ್ಲಿನ ಅಂಗವಿಕಲರ ಸಂಘಟನೆಗಳು ಕೋರ್ಟಿಗೂ ಹೋಗಿವೆ. ಇದು ಬರೀ ಚರ್ಚಿನವರ ವಿರೋಧ ಅಂತ ಭಾರತದಲ್ಲಿ ಕೆಲವರು ತಿಳಿದಿದ್ದಾರೆ. ಅಮೆರಿಕದಲ್ಲಿ ‘ನಾಟ್ ಡೆಡ್ ಯೆಟ್’ ಅಂತ, ಅಂದರೆ ‘ಇನ್ನೂ ಸತ್ತಿಲ್ಲ’, 1996ರಲ್ಲೇ ಡಯಾನ್ ಕೋಲ್ಮನ್ ಕಟ್ಟಿದ ಗುಂಪು ಇದೆ. ಅವರೂ ಗಾಲಿಕುರ್ಚಿಯವರೇ ಆಗಿದ್ದರು. ಹೆಸರು ನನಗೆ ತುಂಬಾ ಇಷ್ಟ.

ಹಾಂ, ಎಲ್ಲರೂ ಹಾಗಲ್ಲ ಅನ್ನುವುದನ್ನೂ ಹೇಳಬೇಕು. ನಾನು ನೋಡಿಕೊಂಡ ಕ್ಯಾನ್ಸರಿನ ಅಜ್ಜಿಯೊಬ್ಬರು ಮಕ್ಕಳನ್ನೆಲ್ಲ ಕರೆಸಿ ಮೇಡ್ ತೆಗೆದುಕೊಂಡರು, ಯಾರ ಒತ್ತಾಯವೂ ಇರಲಿಲ್ಲ. ಅವತ್ತು ನನಗೆ ಏನನ್ನಿಸಿತು ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ.

ನೇರಮಾತು

ಕೆನಡಾದ ಲಿಫ್ಟ್ ವಿಷಯ ಗೊತ್ತಿರಲಿಲ್ಲ. ಅದು ತಪ್ಪೇ. ಆದರೂ ನನ್ನ ಮಾತಿನ ಹಿಂದೆ ಏನಿದೆ ಅಂತ ಹೇಳಿಬಿಡುತ್ತೇನೆ. ನಮ್ಮಪ್ಪನಿಗೆ ಬಾಯಿ ಕ್ಯಾನ್ಸರ್. ಗುಟ್ಕಾ. ಕೊನೆಯ ಎರಡು ತಿಂಗಳು ಕೆನ್ನೆ ತೂತಾಗಿ ಹುಳ ಬಿದ್ದಿತ್ತು. ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೊಡುತ್ತಿದ್ದದ್ದು ಅದೇ ಸಾಧಾರಣ ನೋವಿನ ಗುಳಿಗೆ. ರಾತ್ರಿ ಅವರು ಕೂಗುವುದು ಮೂರು ಮನೆ ಆಚೆಗೆ ಕೇಳುತ್ತಿತ್ತು. ‘ಏನಾದರೂ ಕೊಟ್ಟು ಮುಗಿಸೋ ಮಗ’ ಅಂತ ನನ್ನ ಕೈ ಹಿಡಿದು ಕೇಳಿದರು. ನಾನು ಕೊಡಲಿಲ್ಲ. ಆ ಪಾಪ ಇವತ್ತಿಗೂ ನನ್ನ ತಲೆ ಮೇಲಿದೆ. ನೀವೆಲ್ಲ ಹಕ್ಕು ಅಂತ ಮಾತಾಡುವಾಗ ನನಗೆ ಆ ಕೂಗೇ ಕೇಳಿಸುತ್ತದೆ.

ಪ್ಯಾಲಿಯೇಟಿವ್_ಸಿಸ್ಟರ್

ತಮ್ಮಾ, ಅದು ನಿನ್ನ ಪಾಪ ಅಲ್ಲ. ನಾನು ಹದಿನಾರು ವರ್ಷದಿಂದ ಪ್ಯಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಇಳಿಸಿ ನೋಡಿಕೊಳ್ಳುವ ಕೆಲಸ. ನಿಮ್ಮಪ್ಪನಿಗೆ ಬೇಕಾಗಿದ್ದದ್ದು ಮಾರ್ಫಿನ್, ಅಫೀಮಿನಿಂದ ತೆಗೆಯುವ ಬಲವಾದ ನೋವಿನ ಔಷಧಿ. ಬಾಯಿಂದ ನುಂಗುವ ಮಾತ್ರೆ, ನುಂಗಲು ಆಗದಿದ್ದರೆ ಬೇರೆ ದಾರಿಯೂ ಇದೆ. ದುಬಾರಿ ಔಷಧಿಯೇನಲ್ಲ. ಹುಳ ಬಿದ್ದ ಗಾಯಕ್ಕೂ ದಾರಿ ಇದೆ. ಟರ್ಪೆಂಟೈನ್ ಬತ್ತಿ ಹಿಡಿದು ಹುಳ ತೆಗೆಯುತ್ತೇವೆ, ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಹಾಕಿ ಡ್ರೆಸಿಂಗ್ ಮಾಡುತ್ತೇವೆ. ಎರಡು ಮೂರು ದಿನದಲ್ಲಿ ಮನೆಯವರು ಪಕ್ಕದಲ್ಲಿ ಕೂತು ಊಟ ಮಾಡುವ ಹಾಗೆ ಆಗುತ್ತದೆ. ನಾನೇ ನೋಡಿದ್ದೇನೆ, ಸಾಯಬೇಕು ಅಂತಿದ್ದವರು ನೋವು ಇಳಿದ ಮಾರನೇ ದಿನ ಕಾಫಿ ಕೇಳುತ್ತಾರೆ, ಕ್ರಿಕೆಟ್ ಸ್ಕೋರ್ ಕೇಳುತ್ತಾರೆ.

ನಿಮ್ಮೂರಿಗೆ ಅದು ಯಾಕೆ ಬರಲಿಲ್ಲ ಅಂದರೆ 1985ರ ಮಾದಕ ದ್ರವ್ಯ ಕಾಯ್ದೆ. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ನಾಲ್ಕೈದು ಲೈಸೆನ್ಸ್ ಬೇಕಿತ್ತು. ಒಂದು ಬರುವ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರುತ್ತಿತ್ತು, ಆಸ್ಪತ್ರೆಯವರು ಸಹವಾಸವೇ ಬೇಡ ಅಂತ ಬಿಟ್ಟರು. ಅಫೀಮು ಬೆಳೆಯುವ ದೇಶ ನಮ್ಮದು, ಮಾರ್ಫಿನ್ ನಮ್ಮ ಜನಕ್ಕೇ ಸಿಗುತ್ತಿರಲಿಲ್ಲ! 2014ರಲ್ಲಿ ಕಾಯ್ದೆ ತಿದ್ದಿದರು, ಒಂದೇ ಅನುಮತಿ ಸಾಕು ಅಂತ ಆಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಖ್ಯರು. ಕೇರಳ 2008ರಲ್ಲೇ ಇದಕ್ಕೆ ಅಂತ ನೀತಿ ಮಾಡಿತು. ಅಲ್ಲಿ ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮನೆಗೆ ಹೋಗುತ್ತಾರೆ, ಊರಿನವರೇ ಹಣ ಕೂಡಿಸುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಇದೆ, ಕ್ಯಾನ್ಸರಿನ ಕೊನೆ ಹಂತದವರಿಗೆ ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಆದರೆ ಬೀದರ್‌ನಿಂದಲೋ ಯಾದಗಿರಿಯಿಂದಲೋ ನೋವು ತಿನ್ನುವವರನ್ನು ಬೆಂಗಳೂರಿಗೆ ತರೋದು ಹೇಗೆ?

ನೇರಮಾತು

ಮಾರ್ಫಿನ್ ಅಂತ ಒಂದಿದೆ ಅಂತ ನಮಗೆ ಯಾವ ಡಾಕ್ಟರೂ ಹೇಳಲಿಲ್ಲ ಸಿಸ್ಟರ್. ಯಾರೂ ಹೇಳಲಿಲ್ಲ.

ಹೊನ್ನಾವರ_ಕಡಲು

ಈ ವಿಷಯದಲ್ಲಿ ದೇಶಕ್ಕೇ ಗೊತ್ತಿರುವ ಹೆಸರು ನಮ್ಮ ಕಡೆಯದು. ಅರುಣಾ ಶಾನಭಾಗ, ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅಲ್ಲಿನ ವಾರ್ಡ್‌ಬಾಯ್ ನಾಯಿ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ, ಮಿದುಳಿಗೆ ರಕ್ತ ನಿಂತು ಕೊನೆಯವರೆಗೂ ಹಾಸಿಗೆಯಲ್ಲೇ ಉಳಿದರು. ಅವರಿಗೆ ಆಹಾರ ನಿಲ್ಲಿಸಲು ಅನುಮತಿ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು ಆ ಅರ್ಜಿ ಒಪ್ಪಲಿಲ್ಲ. ಇವರ ಪರವಾಗಿ ಹೇಳುವ ಹಕ್ಕು ಇಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯವರದು ಅಂದಿತು. ನಮ್ಮ ದೇಶದಲ್ಲಿ ಯಂತ್ರ ತೆಗೆಯುವುದಕ್ಕೆ ಮೊದಲ ದಾರಿ ತೆರೆದದ್ದೂ ಅದೇ ತೀರ್ಪು, ಅದು ಬೇರೆ ಮಾತು.

ನನಗೆ ಯಾವಾಗಲೂ ನೆನಪಾಗುವುದು ನರ್ಸುಗಳು. ಅರುಣಾ ಜತೆ ಕೆಲಸ ಮಾಡಿದವರು ನಿವೃತ್ತರಾಗಿ, ಅವರು ಮಲಗಿದಾಗ ಹುಟ್ಟಿಯೂ ಇರದ ಹುಡುಗಿಯರು ಬಂದು, ಪಾಳಿ ಪಾಳಿಯಾಗಿ ತಿನ್ನಿಸಿ, ಮಗ್ಗುಲು ತಿರುಗಿಸಿ ನೋಡಿಕೊಂಡರು. 2015ರ ಮೇ 18ಕ್ಕೆ ನ್ಯುಮೋನಿಯಾದಿಂದ ಹೋಗುವವರೆಗೆ, ಸುಮಾರು 42 ವರ್ಷ. ಅಷ್ಟು ವರ್ಷ ಮಲಗಿದ್ದರೂ ಬೆನ್ನಿನಲ್ಲಿ ಒಂದು ಹುಣ್ಣು ಆಗಿಲ್ಲ ಅಂತ ಆಸ್ಪತ್ರೆಯವರು ಕೋರ್ಟಿಗೆ ಹೇಳಿದ್ದರು.

ಮರದಿಂದ_ಬಿದ್ದವನು

ಈ ಹುಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ. 42 ವರ್ಷ! ನನಗೆ ಹದಿನೆಂಟು ದಿನಕ್ಕೆ ಆಗಿತ್ತು.

ಶಿರಸಿ_ಅಮ್ಮ

ತುಂಬಾ ದಿನದಿಂದ ಓದುತ್ತೇನೆ, ಬರೆಯುವುದು ಮೊದಲ ಸಲ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರುವುದಿಲ್ಲ), 19 ವರ್ಷ. ಮಾತಿಲ್ಲ, ಕಣ್ಣಲ್ಲೇ ಎಲ್ಲ ಹೇಳುತ್ತಾಳೆ. ಯಕ್ಷಗಾನದ ಚೆಂಡೆ ಕೇಳಿದರೆ ಮೈ ಕುಣಿಸುತ್ತಾಳೆ.

ನಮ್ಮಂಥ ಅಮ್ಮಂದಿರು ಸೇರಿದಾಗ ಒಂದು ಮಾತು ಬರುತ್ತದೆ. ಹೊರಗೆ ಯಾರೂ ಹೇಳುವುದಿಲ್ಲ. ‘ದೇವರೇ, ನನಗಿಂತ ಒಂದು ದಿನ ಮೊದಲು ಇವಳನ್ನು ಕರಕೋ.’ ನಾನೂ ಬೇಡಿಕೊಂಡಿದ್ದೇನೆ. ಅದನ್ನು ಕೇಳಿದವರು ‘ಅಮ್ಮನೇ ಹೀಗನ್ನುತ್ತಾಳೆ ಅಂದಮೇಲೆ ಕಾನೂನು ಬರಲಿ’ ಅಂದಾರು. ನನಗೆ ಅವಳು ಸಾಯುವುದು ಬೇಕಾಗಿಲ್ಲ. ನಾನಿಲ್ಲದಾಗ ಅವಳ ಒದ್ದೆ ಬಟ್ಟೆ ಯಾರು ಬದಲಿಸುತ್ತಾರೆ ಅನ್ನುವುದು ಗೊತ್ತಾಗಬೇಕು. ಅದು ಗೊತ್ತಾದ ದಿನ ಆ ಪ್ರಾರ್ಥನೆ ಬಿಡುತ್ತೇನೆ.

ಇವಳಿಗೆ ಹಲ್ಲು ನೋವು ಬಂದಾಗ ನಾಲ್ಕು ಕಡೆ ಅಲೆದೆ. ಒಬ್ಬರು ‘ಇವಳು ಸುಮ್ಮನೆ ಕೂರುವುದಿಲ್ಲ, ಆಗಲ್ಲ’ ಅಂದರು. ಇನ್ನೊಬ್ಬರದು ಮಹಡಿ ಮೇಲೆ, ಮೆಟ್ಟಿಲು ಮಾತ್ರ. ಆರು ವಾರ ನೋವಿನಲ್ಲಿ ಕೈ ಕಚ್ಚಿಕೊಂಡಳು. ಕೊನೆಗೆ ಹುಬ್ಬಳ್ಳಿಯಲ್ಲಿ ಅರಿವಳಿಕೆ ಕೊಟ್ಟು ತೆಗೆದರು. ಬರೀ ಒಂದು ಹಲ್ಲು.

ಉಪಯೋಗಕ್ಕೆ ಬರುವುದು ಹೇಳುತ್ತೇನೆ: ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಮಾಡಿಸಿಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇದ್ದವರಿಗೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿಗೂ ಸ್ವಲ್ಪ ಬರುತ್ತದೆ. ವರ್ಷ ವರ್ಷ ನವೀಕರಿಸಬೇಕು, ಮರೆಯಬೇಡಿ. 18 ತುಂಬಿದ ಮೇಲೆ ಕಾನೂನು ಪ್ರಕಾರ ಪೋಷಕರ ನೇಮಕಕ್ಕೆ ಡಿಸಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು.

ನಿವೃತ್ತ_ಕ್ಯಾಷಿಯರ್

ಅಮ್ಮಾ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಆ ಮೆಟ್ಟಿಲಿನ ಕ್ಲಿನಿಕ್ ಬಗ್ಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಓದಿ. ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಡ್ಡಿ ಇಲ್ಲದೆ ಹೋಗುವಂತಿರಬೇಕು, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು, ಹಳ್ಳಿಗಳಲ್ಲಿ ಹತ್ತಿರದಲ್ಲೇ ಉಚಿತ ಚಿಕಿತ್ಸೆ ಕೊಡಬೇಕು (ಆದಾಯ ಮಿತಿ ಇದೆ) ಅಂತ ಬರೆದಿದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಈ ನಿಯಮಗಳೆಲ್ಲ ಬರೀ ಸಲಹೆಯ ಥರ ಇವೆ, ಕಡ್ಡಾಯದ್ದು ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಹಕ್ಕಿಗೇನು ಬರ ಇಲ್ಲ ನಮ್ಮಲ್ಲಿ.

ಮರದಿಂದ_ಬಿದ್ದವನು

ನಮ್ಮ ತಾಲೂಕು ಆಸ್ಪತ್ರೆಯಲ್ಲಿ ರ‍್ಯಾಂಪ್ ಇದೆ ಸರ್. ಅದರ ತುದಿಯಲ್ಲಿ ಬೈಕ್ ನಿಲ್ಲಿಸಿರುತ್ತಾರೆ. ಎಕ್ಸ್‌ರೇ ಮೇಜು ಎದೆ ಎತ್ತರ, ಹತ್ತಲು ಇಬ್ಬರು ಎತ್ತಬೇಕು. ಶೌಚಾಲಯದ ಬಾಗಿಲು ಎರಡು ಅಡಿ, ನನ್ನ ಕುರ್ಚಿ ಎರಡೂಕಾಲು. ಆ ಕಾಲಡಿಗೆ ಬೆಳಿಗ್ಗೆಯಿಂದ ನೀರು ಕುಡಿಯದೆ ಹೋಗುತ್ತೇನೆ, ನೀರು ಕುಡಿಯದಿದ್ದರೆ ಮೂತ್ರದ ಸೋಂಕು, ಸೋಂಕಾದರೆ ಮತ್ತೆ ಅದೇ ಆಸ್ಪತ್ರೆ.

ಪಿಂಚಣಿಯದ್ದೂ ಹೇಳಿಬಿಡುತ್ತೇನೆ. ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಶೇ 80ಕ್ಕಿಂತ ಕಡಿಮೆ ಇದ್ದವರಿಗಿಲ್ಲ. ರಾಜ್ಯ ತನ್ನದು ಸೇರಿಸುತ್ತದೆ, ಸರಿ. ನನ್ನ ಕ್ಯಾತಿಟರ್ ಖರ್ಚೇ ಅದಕ್ಕಿಂತ ಜಾಸ್ತಿ.

ಮೂಕ_ಅಲ್ಲ_ಕಿವುಡ

ನಾನು ಕಿವುಡ. ಡಾಕ್ಟರು ಮಾಸ್ಕ್ ಹಾಕಿ ಮಾತಾಡಿದರೆ ತುಟಿ ಕಾಣುವುದಿಲ್ಲ. ಬರೆದುಕೊಡಿ ಅಂದರೆ ‘ಯಾರನ್ನಾದರೂ ಕರಕೊಂಡು ಬಾ’ ಅಂತ ಬರೆದುಕೊಡುತ್ತಾರೆ. ಅಷ್ಟು ಬರೆಯಲು ಆಗುತ್ತದೆ, ಕಾಯಿಲೆ ಏನು ಅಂತ ಬರೆಯಲು ಟೈಮಿಲ್ಲ. ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು ಅನಿಸಿತು.

ಬೈಪ್ಯಾಪ್_ರಾಯರು

ಬೇರೆ ಏನಲ್ಲ. ಒಂದೇ ವಿಷಯ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ ಸಾಯಲು ನೆರವು ಕೊಡುವ ಕಾನೂನು ನಡೆಯುತ್ತಿದೆ. ಯಾಕೆ ಸಾಯಲು ಬಯಸಿದರು ಅಂತ ಪ್ರತಿ ವರ್ಷ ವರದಿ ಹಾಕುತ್ತಾರೆ. ನೋವು ಮೊದಲಿಗೆ ಬರುತ್ತದೆ ಅಂದುಕೊಂಡಿದ್ದೆ. ಅಲ್ಲ. ಮೇಲೆ ಇರುವುದು ಸ್ವಂತ ಕೆಲಸ ಮಾಡಿಕೊಳ್ಳಲು ಆಗುತ್ತಿಲ್ಲ, ಇಷ್ಟದ್ದು ಮಾಡಲು ಆಗುತ್ತಿಲ್ಲ, ಮರ್ಯಾದೆ ಹೋಯಿತು ಅನ್ನುವವು. ಮನೆಯವರಿಗೆ ಭಾರ ಅನ್ನುವುದೂ ಇದೆ. ನಾನು ಆ ಪಟ್ಟಿ ಓದಿ ನಕ್ಕೆ. ನನ್ನ ದಿನಚರಿ ಬರೆದ ಹಾಗಿತ್ತು. ನನಗೆ ಊಟ ತಿನ್ನಿಸುತ್ತಾರೆ, ಹಿಂಭಾಗ ತೊಳೆಸುತ್ತಾರೆ. ಮೊದಲ ವಾರ ಅತ್ತುಬಿಟ್ಟೆ. ಈಗ ತೊಳೆಸುವ ಹುಡುಗನ ಜತೆ ಐಪಿಎಲ್ ಜಗಳ ಆಡುತ್ತೇನೆ. ಅವನಿಗೆ ಸಂಬಳ ಕೊಡಲು ನನಗೆ ಪಿಂಚಣಿ ಇದೆ, ಅದೇ ವ್ಯತ್ಯಾಸ. ಪಿಂಚಣಿ ಇಲ್ಲದಿದ್ದರೆ ನಾನು ಯಾವ ಸಹಿ ಹಾಕುತ್ತಿದ್ದೆನೋ.

ನೇರಮಾತು

ಪೂರ್ತಿ ಒಪ್ಪಿದೆ ಅಂತ ಹೇಳುವುದಿಲ್ಲ ರಾಯರೇ. ಎಲ್ಲ ಕೊಟ್ಟ ಮೇಲೂ, ಮಾರ್ಫಿನ್ ಕೊಟ್ಟ ಮೇಲೂ ಒಬ್ಬರು ಸಾಕು ಅಂದರೆ? ಆ ಪ್ರಶ್ನೆ ನನಗೆ ಉಳಿದಿದೆ.

ಮರದಿಂದ_ಬಿದ್ದವನು

ಉಳಿಯಲಿ. ನನಗೂ ಅದಕ್ಕೆ ಚಂದದ ಉತ್ತರ ಇಲ್ಲ. ಎಲ್ಲ ಕೊಟ್ಟ ಮೇಲೆ ಕೇಳಿದ ಒಬ್ಬರನ್ನು ನಾನು ಇದುವರೆಗೆ ಭೇಟಿಯಾಗಿಲ್ಲ, ಅಷ್ಟು ಗೊತ್ತು. ಕಾನೂನು ಆ ಒಬ್ಬರಿಗೆ ಅಂತ ಬರುತ್ತದೆ, ಬಂದ ಮೇಲೆ ನಮ್ಮಂಥವರ ಮನೆ ಬಾಗಿಲಿಗೂ ಬರುತ್ತದೆ.

ಹಾವೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆ ಅಣ್ಣ ಟ್ರ್ಯಾಕ್ಟರ್ ಪಲ್ಟಿಯಾಗಿ ಎಂಟು ತಿಂಗಳಿಂದ ಹಾಸಿಗೆಯಲ್ಲಿದ್ದಾನೆ. ಅವನೂ ದಯಾಮರಣದ ಅರ್ಜಿ ಬರೆದುಕೊಡು ಅಂತ ನನ್ನನ್ನು ಕೇಳಿದ್ದ, ನಾನು ಮೊಬೈಲಿನಲ್ಲಿ ಮಾದರಿ ಹುಡುಕುತ್ತಿದ್ದಾಗಲೇ ಈ ಚರ್ಚೆ ಸಿಕ್ಕಿತು. ನಿನ್ನೆ ರಾತ್ರಿ ಮೊದಲ ಬರಹ ಅವನಿಗೆ ಓದಿ ಹೇಳಿದೆ. ‘ಆ ಮನುಷ್ಯನಿಗೆ ಹುಣ್ಣು ಎಷ್ಟು ದೊಡ್ಡದಿತ್ತು ಕೇಳು’ ಅಂದ. ಅವನಿಗೆ ಸೊಂಟದ ಹಿಂದೆ ಒಂದು, ಹಿಮ್ಮಡಿಯಲ್ಲಿ ಒಂದು ಆಗಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲ. ವಿಆರ್‌ಡಬ್ಲ್ಯು ಅಂತ ಒಬ್ಬರಿರುತ್ತಾರೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಮೊದಲು ಏನು ಮಾಡಬೇಕು?

ಮರದಿಂದ_ಬಿದ್ದವನು

ನನ್ನದು ಅಂಗೈ ಅಗಲ ಇತ್ತು, ಅವನಿಗೆ ಹೇಳು. ವಾಸಿ ಆಗಲು ಐದು ತಿಂಗಳು ಬೇಕಾಯಿತು ಅಂತಲೂ ಹೇಳು, ಸುಳ್ಳು ಆಸೆ ಬೇಡ.

ಇವತ್ತೇ ಮಾಡಬೇಕಾದ್ದು: ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಫೋನಿನಲ್ಲಿ ಅಲಾರಂ ಇಡಿ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡಿ. ಹುಣ್ಣಿಗೆ ಅರಿಶಿನ, ಪೌಡರ್, ಸ್ಪಿರಿಟ್ ಏನೂ ಹಾಕಬೇಡಿ. ಜ್ವರ ಇದ್ದರೆ, ಹುಣ್ಣು ಕಪ್ಪಾಗಿದ್ದರೆ ಅಥವಾ ವಾಸನೆ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯು ಯಾರು ಅಂತ ಕೇಳಿ ನಂಬರ್ ತಗೊಳ್ಳಿ. ಯುಡಿಐಡಿ ಅರ್ಜಿ ಆನ್‌ಲೈನ್, ಅವರೇ ಹಾಕಿಕೊಡುತ್ತಾರೆ.

ಪ್ಯಾಲಿಯೇಟಿವ್_ಸಿಸ್ಟರ್

ಫೋಟೊ ಇಲ್ಲಿ ಹಾಕಬೇಡ ಪುಟ್ಟಾ, ನನಗೆ ಖಾಸಗಿಯಾಗಿ ಕಳಿಸು. ಡ್ರೆಸಿಂಗ್ ಹೇಗೆ ಅಂತ ವಿಡಿಯೊ ಕಾಲ್‌ನಲ್ಲಿ ಅವನ ಹೆಂಡತಿಗೆ ತೋರಿಸುತ್ತೇನೆ. ಊಟದಲ್ಲಿ ದಿನಕ್ಕೆ ಎರಡು ಮೊಟ್ಟೆ ಇರಲಿ, ತಿನ್ನದಿದ್ದರೆ ಬೇಳೆ, ಶೇಂಗಾ ಜಾಸ್ತಿ ಕೊಡಿ.

ಶಿರಸಿ_ಅಮ್ಮ

ನಮ್ಮ ಮನೆಯಲ್ಲಿ ಒಂದು ಏರ್ ಬೆಡ್ ಹೆಚ್ಚಿಗೆ ಇದೆ, ಅತ್ತೆಯವರದು. ಅವರು ಹೋಗಿ ಎರಡು ವರ್ಷ ಆಯಿತು, ಅಟ್ಟದ ಮೇಲಿದೆ. ಪಂಪ್ ಸ್ವಲ್ಪ ಸದ್ದು ಮಾಡುತ್ತದೆ, ಗಾಳಿ ಸರಿಯಾಗಿ ತುಂಬುತ್ತದೆ. ಬೆಳಗಿನ ಹಾವೇರಿ ಬಸ್ಸಿಗೆ ಹಾಕಿಕೊಡಲಾ?

ಹಾವೇರಿ_ಹುಡುಗ

ಹಾಕಿ ಅಮ್ಮ, ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ. ಪಂಪಿನ ಪ್ಲಗ್ ಎರಡು ಪಿನ್ನಿನದಾ ಮೂರು ಪಿನ್ನಿನದಾ? ಅವನ ಹಾಸಿಗೆ ಹತ್ತಿರ ಎರಡು ಪಿನ್ನಿನದು ಮಾತ್ರ ಇದೆ.